ಹಗಲು ಮನೆಯಲ್ಲಿರುವ ಗಂಡಸು

ನವೆಂಬರ್ 18, ಸೋಮವಾರ. ಬೆಳಿಗ್ಗೆ 10.50

ಜಯಾ 9.25ಕ್ಕೆ ಹೊರಟಳು. ಪಾತ್ರೆ ತೊಳೆದು ಮುಗಿದದ್ದು 9.50. ಬಟ್ಟೆ ಒಣಹಾಕಿದ್ದು 10.05. ಅಲ್ಲಿಂದ ಇಲ್ಲಿಯವರೆಗೆ ಕುರ್ಚಿಯಲ್ಲಿ ಕೂತಿದ್ದೇನೆ. ಅವಳು ಬರುವುದು ಸಂಜೆ 6.40ಕ್ಕೆ. ನಡುವೆ ಏಳು ಗಂಟೆ ಐವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಮಂಡ್ಯ ಬಿಟ್ಟ ಬಸ್ಸು ಮಂಗಳೂರು ಸೇರಿ, ಡ್ರೈವರು ಊಟ ಮಾಡಿ ಕಾಲು ಚಾಚಿರುತ್ತಾನೆ.

ಈ ಡೈರಿ ಅವಳ ವಿಮಾ ಕಚೇರಿಯಲ್ಲಿ ಪುಕ್ಕಟೆ ಕೊಟ್ಟದ್ದು. ವರ್ಷ ಮುಗಿಯುತ್ತ ಬಂದರೂ ಒಂದು ಹಾಳೆ ತುಂಬಿಲ್ಲ. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನದು ಬರೆಯುತ್ತಿದ್ದೇನೆ. ಇನ್ನೇನು ಮಾಡಲಿ? ಗೋಡೆಗೆ ಹೇಳಿಕೊಳ್ಳಲೆ?

ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೇಳು ವರ್ಷ ಕಂಟ್ರೋಲರ್ ಆಗಿದ್ದವನು ನಾನು, ನಂಜುಂಡ. ಯಾವ ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟಕ್ಕೆ ಬಿಡಬೇಕು ಎಂದು ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡವನು. ಹೆಂಡತಿ ಜಯಾಗೆ ವಡೋದರಾಕ್ಕೆ ವರ್ಗವಾದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಅವಳ ಹಿಂದೆ ಬಂದೆ. ‘ಒಂದೇ ವರ್ಷ ಕಣ್ರೀ, ಆಮೇಲೆ ರಿಕ್ವೆಸ್ಟ್ ಹಾಕಿ ವಾಪಸ್ ಹೋಗೋಣ’ ಎಂದಿದ್ದಳು. ಈಗ ನೋಡಿದರೆ ಪ್ರಮೋಷನ್ನಿಗೆ ಸಂದರ್ಶನ ಕೊಟ್ಟು ಕೂತಿದ್ದಾಳೆ. ಅದು ಬಂದರೆ ಇನ್ನೂ ಮೂರು ವರ್ಷ ಗುಜರಾತು. ಬೇಡವೆಂದು ಬರೆದುಕೊಟ್ಟರೆ ಊರಿಗೆ ವರ್ಗ ಕೊಡುತ್ತಾರೆ, ಆದರೆ ಮತ್ತೆ ಕರೆಯುವ ಹೊತ್ತಿಗೆ ಅವಳ ನಿವೃತ್ತಿಯೇ ಬಂದಿರುತ್ತದೆ.

ನಿನ್ನೆ ಕೇಳಿಯೇಬಿಟ್ಟೆ, ‘ಬಂದ್ರೆ ಬೇಡ ಅಂತ ಬರ್ಕೊಡ್ತೀಯೋ ಇಲ್ವೋ?’

‘ಮೊದ್ಲು ಬರ್ಲಿ ಬಿಡಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ?’

‘ಮಾತು ಕೊಡು.’

‘ಆಯ್ತು, ಕೊಟ್ಟೆ’ ಎಂದಳು.

ಈಗ 11.15.

ನವೆಂಬರ್ 21, ಗುರುವಾರ. ಮಧ್ಯಾಹ್ನ 2.20

ಇವತ್ತು ನಡೆದುಕೊಂಡೇ ಅಲ್ಕಾಪುರಿಗೆ ಹೋಗಿ ಅವಳ ಕಚೇರಿ ಎದುರಿನ ಚಹಾದಂಗಡಿಯಲ್ಲಿ ನಿಂತಿದ್ದೆ. ಸುಮ್ಮನೆ. ಕಿಟಕಿಯಿಂದ ಯಾರೋ ನೋಡಿ ಹೇಳಿದರಂತೆ. ಜಯಾ ಮೆಟ್ಟಿಲು ಇಳಿದು ಏದುಸಿರು ಬಿಡುತ್ತ ಓಡಿಬಂದಳು. ‘ಯಾಕ್ರೀ, ಏನಾಯ್ತು? ಊರಿಂದ ಫೋನ್ ಬಂತಾ?’

‘ಏನೂ ಆಗಿಲ್ಲ. ಹೊತ್ತು ಹೋಗ್ಲಿಲ್ಲ.’

ಅವಳ ಹಿಂದೆಯೇ ಬಂದ ಹುಡುಗಿ, ವಿಂಧ್ಯಾ ಎಂದು ಹೆಸರಂತೆ, ಹುಬ್ಬಳ್ಳಿ ಕಡೆಯವಳು, ಜಯಾಳ ಕೈಕೆಳಗೆ ಕೆಲಸ ಕಲಿತವಳು, ‘ಸರ್‌ಗೆ ಭಾಳ ಬ್ಯಾಸರಾಗ್ಯದ ಅಂತ ಕಾಣ್ತದ್ರಿ ಮೇಡಂ’ ಎಂದು ನಕ್ಕಳು. ಮಕ್ಕಳ ಹಿಂದೆ ಶಾಲೆಯ ಬಾಗಿಲವರೆಗೆ ಬಂದ ನಾಯಿಮರಿಯ ಹಾಗೆ ಆಯಿತು ನನ್ನ ಪಾಡು. ಇನ್ನು ಆ ರಸ್ತೆಗೆ ಕಾಲಿಡುವುದಿಲ್ಲ.

ಡಿಸೆಂಬರ್ 3, ಮಂಗಳವಾರ. ಸಂಜೆ 4.00

ಎದುರುಮನೆಯ ತಾರಾಬೆನ್ ಬಾಗಿಲು ತಟ್ಟಿದರು. ಎಪ್ಪತ್ತರ ಮೇಲಿನ ಹೆಂಗಸು, ಜೈನರು, ಒಬ್ಬರೇ ಇರುತ್ತಾರೆ. ಬೀಗದ ಕೈ ಚಾಚಿ, ‘ತಮೆ ತೊ ಘೇರ್ ಜ ಛೋ ನೆ?’ ಎಂದರು. ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ ಎಂದು ಅರ್ಥ. ಗ್ಯಾಸ್ ಸಿಲಿಂಡರ್ ಬರುತ್ತದೆ, ಇಳಿಸಿಕೊಳ್ಳಿ, ನಾನು ಉಪಾಶ್ರಯಕ್ಕೆ ಹೋಗಿ ಬರುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ಹೋಗಿಯೇಬಿಟ್ಟರು. ಉಪಾಶ್ರಯವೆಂದರೆ ಅವರ ಸಾಧ್ವಿಯರು ತಂಗುವ ಮನೆಯಂತೆ.

‘ಘೇರ್ ಜ ಛೋ’ ಅಂತೆ! ಮೈ ಉರಿಯಿತು. ಗಂಡಸು ಹಗಲು ಹೊತ್ತು ಮನೆಯಲ್ಲಿದ್ದರೆ ಅವನು ವಾಚ್‌ಮನ್ನೇ?

ಸಿಲಿಂಡರ್ 1.10ಕ್ಕೆ ಬಂತು. ಸೀಲು ನೋಡಿ ಇಳಿಸಿಕೊಂಡೆ. ವಾಪಸ್ ಬಂದ ತಾರಾಬೆನ್ 3.30ಕ್ಕೆ ಚಹಾ ತಂದರು. ಬಟ್ಟಲಿನಿಂದ ತಟ್ಟೆಗೆ ಬಗ್ಗಿಸಿ ಸುರ್ರೆಂದು ಕುಡಿಯುವುದು ಇವರ ರೂಢಿ. ನನ್ನ ಮುಂದೆಯೂ ಒಂದು ತಟ್ಟೆ ಇಟ್ಟರು. ಕುಡಿದೆ, ಏನು ಮಾಡುವುದು.

ಡಿಸೆಂಬರ್ 11, ಬುಧವಾರ. ಮಧ್ಯಾಹ್ನ 12.05

ಇದು ಅತಿಯಾಯಿತು. ಮೂರನೇ ಮಹಡಿಯ ಪೂರ್ವಿ ಮತ್ತು ಅವಳ ಗಂಡ ಅಕ್ಷಯ್ ಇಬ್ಬರೂ ಮಕರಪುರದ ಕಾರ್ಖಾನೆಗೆ ಎಂಟಕ್ಕೇ ಹೊರಡುತ್ತಾರೆ. ಹೋಗುವಾಗ ಪೂರ್ವಿ, ‘ಅಂಕಲ್, ನೀವು ತಾರಾಬೆನ್‌ದು ಇಟ್ಕೋತೀರಂತೆ’ ಎಂದು ಅವಳ ಬೀಗದ ಕೈಯನ್ನೂ ಕೊಟ್ಟಳು. ಅವಳನ್ನು ನೋಡಿ ಇನ್ನೂ ಮೂರು ಮನೆಯವರು ಕೊಟ್ಟುಹೋದರು. ಈಗ ಒಟ್ಟು ಐದು. ಟೇಬಲ್ಲಿನ ಮೇಲೆ ಐದೂ ಕಲಸಿಕೊಂಡು ಬಿದ್ದಿದ್ದವು. ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ನಾನು ಯಾವುದು ಯಾವುದೆಂದು ತಡಕಾಡುತ್ತಿದ್ದೇನೆ. ಇಂಥ ಅಧ್ವಾನ ನನ್ನಿಂದ ನೋಡಲಾಗುವುದಿಲ್ಲ. ಒಂದು ಹಲಗೆ ತಂದು ಮೊಳೆ ಹೊಡೆದು, ಕೆಳಗೆ ಮನೆ ನಂಬರ್ ಬರೆದು ನೇತುಹಾಕಿದೆ. ಒಂದು ರಿಜಿಸ್ಟರೂ ಹಾಕಿದೆ. ಬಂದ ಹೊತ್ತು, ಹೋದ ಹೊತ್ತು, ಸಹಿ.

ಅವರ ಮೇಲಿನ ಪ್ರೀತಿಗೆ ಮಾಡಿದ್ದಲ್ಲ. ಅಧ್ವಾನ ಕಂಡರೆ ಆಗುವುದಿಲ್ಲ, ಅಷ್ಟೆ.

ಡಿಸೆಂಬರ್ 27, ಶುಕ್ರವಾರ. ಸಂಜೆ 5.30

ಊಟ ಮಾಡಿದ್ದೇ 2.45ಕ್ಕೆ. ಬೆಳಿಗ್ಗೆ ನೀರಿನ ಮೋಟರು ಹಾಕುವುದೂ ಈಗ ನನ್ನ ತಲೆಗೇ ಬಂದಿದೆ. ಹಿಂದಿನವನು ಮನಸ್ಸಿಗೆ ಬಂದಾಗ ಹಾಕುತ್ತಿದ್ದ, ಟ್ಯಾಂಕು ತುಂಬಿ ಗೋಡೆಯೆಲ್ಲ ಒದ್ದೆ. ನಾನು 7.10ರಿಂದ 7.55 ಎಂದು ಚೀಟಿ ಬರೆದು ಲಿಫ್ಟಿನಲ್ಲಿ ಅಂಟಿಸಿದೆ. ಸಿಲಿಂಡರಿನವನು ಹನ್ನೊಂದಕ್ಕೆ ಎಂದು ಹೇಳಿ ಒಂದಕ್ಕೆ ಬಂದ. ನನಗೆ ಬರುವ ಅಷ್ಟೂ ಹಿಂದಿಯಲ್ಲಿ ಬೈದೆ. ‘ಸಾಹೇಬ್, ಕಲ್ ಸೇ ಟೈಮ್ ಪೇ’ ಎಂದು ಕೈಮುಗಿದ.

ಅಷ್ಟರಲ್ಲಿ ಜಯಾಳ ಫೋನು. ‘ಊಟ ಮಾಡುದ್ರಾ?’

‘ಬೇಗ ಹೇಳು, ಎರಡು ಪಾರ್ಸೆಲ್ ಬರೋದಿದೆ.’

ಆ ಕಡೆ ನಗುವುದು ಕೇಳಿಸಿತು. ನಗುವಂಥದ್ದು ಏನಿತ್ತೋ. ಇಲ್ಲಿ ಮನುಷ್ಯ ಹಸಿದು ಸಾಯುತ್ತಿದ್ದಾನೆ. ಈ ದರಿದ್ರ ಊರಿನಿಂದ ಯಾವಾಗ ಬಿಡುಗಡೆಯೋ.

ಜನವರಿ 9, ಗುರುವಾರ. ಸಂಜೆ 6.00

ಮಾನ ಹರಾಜಾಯಿತು. ಆದರೂ ಬರೆಯುತ್ತೇನೆ.

ದಿನವೂ 3.30ಕ್ಕೆ ಚಹಾ ತರುವ ತಾರಾಬೆನ್ ಬರಲಿಲ್ಲ. 3.45, ಇಲ್ಲ. 3.55, ಇಲ್ಲ. ಒಂದು ತಿಂಗಳಲ್ಲಿ ಆಕೆ ಐದು ನಿಮಿಷವೂ ತಡ ಮಾಡಿದವರಲ್ಲ. ಹೋಗಿ ಬಾಗಿಲು ಬಡಿದೆ. ಚಪ್ಪಲಿ ಹೊರಗೇ ಇದೆ, ಉತ್ತರವಿಲ್ಲ. ಹಲಗೆಯಿಂದ ಅವರ ಬೀಗದ ಕೈಗಳ ಗೊಂಚಲು ತಂದು ಬಾಗಿಲು ತೆಗೆದೆ. ನಡುಮನೆಯಲ್ಲಿ ಬಿಳಿ ಉಣ್ಣೆಯ ಬಟ್ಟೆಯ ಮೇಲೆ ಕೂತಿದ್ದಾರೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ, ಕಣ್ಣು ಅರ್ಧ ಮುಚ್ಚಿದೆ. ಕರೆದೆ. ಅಲುಗಾಟವಿಲ್ಲ.

ಮೂರ್ಛೆಯೆಂದೇ ತಿಳಿದೆ. ಬಸ್ ಸ್ಟ್ಯಾಂಡಿನಲ್ಲಿ ತಿಂಗಳಿಗೆ ಇಬ್ಬರಾದರೂ ಮೂರ್ಛೆ ಬಿದ್ದವರನ್ನು ಕಂಡವನು. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಮುಖಕ್ಕೆ ನೀರು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮದ್ದು. ಆ ಗೊಂಚಲನ್ನೇ ಅವರ ಅಂಗೈಗೆ ಒತ್ತಿ ಹಿಡಿಸಿದೆ. ಅಡುಗೆಮನೆಯಲ್ಲೆಲ್ಲ ಹುಡುಕಿದರೂ ಒಂದೇ ಒಂದು ಈರುಳ್ಳಿ ಸಿಗಲಿಲ್ಲ. ನಮ್ಮ ಮನೆಗೆ ಓಡಿ, ಒಂದನ್ನು ಹೆಚ್ಚಿ ತಂದು ಮೂಗಿಗೆ ಹಿಡಿದೆ. ಕಣ್ಣು ತೆರೆದರು. ತೆರೆದ ಕಣ್ಣು ಗಿರ್ರನೆ ತಿರುಗತೊಡಗಿತು, ಕೈ ಬೀಸಿ ಬೀಸಿ ಏನೋ ಸನ್ನೆ. ಮೂರ್ಛೆ ಜಾಸ್ತಿಯಾಯಿತೆಂದು ಒಂದು ಚೊಂಬು ನೀರನ್ನು ತಲೆಯ ಮೇಲೇ ಸುರಿದು, ‘ಬನ್ರಪ್ಪಾ ಯಾರಾದ್ರೂ’ ಎಂದು ಬಸ್ ಸ್ಟ್ಯಾಂಡಿನ ದನಿಯಲ್ಲಿ ಕೂಗಿದೆ.

ಮಧ್ಯಾಹ್ನದ ನಿದ್ದೆಯಲ್ಲಿದ್ದ ಹೆಂಗಸರೆಲ್ಲ ಇಳಿದು ಬಂದರು. ಒಬ್ಬಾಕೆ ಹಣೆ ಚಚ್ಚಿಕೊಂಡು, ‘ಅರೇ, ಸಾಮಾಯಿಕ್ ಛೇ!’ ಎಂದಳು. ಅದು ಇವರ ವ್ರತವಂತೆ. ನಲವತ್ತೆಂಟು ನಿಮಿಷ ಕೂತಲ್ಲಿಂದ ಏಳಬಾರದು, ತಾರಾಬೆನ್ ಮೌನವನ್ನೂ ಹಿಡಿದಿದ್ದರಂತೆ. ಗಂಡಸಿನ ಕೈ ಸೋಕಬಾರದು. ಕಾಯಿಸದ ನೀರು ತಾಗಬಾರದು. ಈರುಳ್ಳಿಯಂತೂ ಆ ಮನೆಯ ಹೊಸ್ತಿಲನ್ನೇ ದಾಟಿದ್ದಿಲ್ಲ. ಮೂರನ್ನೂ ನಾನು ಐದು ನಿಮಿಷದಲ್ಲಿ ಮಾಡಿ ಮುಗಿಸಿದ್ದೆ.

ವ್ರತ ಮುಗಿಯಲು ಇನ್ನೂ ಹನ್ನೆರಡು ನಿಮಿಷ ಇತ್ತು. ಆಕೆ ತೊಟ್ಟಿಕ್ಕುವ ತಲೆಯಲ್ಲಿ ಹಾಗೇ ಕೂತರು. ನಾವೆಲ್ಲ ಸುತ್ತ ನಿಂತೆವು. ನನ್ನ ಕೈಯಲ್ಲಿ ಅರ್ಧ ಈರುಳ್ಳಿ. ಹನ್ನೆರಡು ನಿಮಿಷ ಎಷ್ಟು ಉದ್ದವೆಂದು ನನಗೆ ಇವತ್ತು ಗೊತ್ತಾಯಿತು. ಮುಗಿದ ಮೇಲೆ ತಾರಾಬೆನ್ ಬಾಯಿಯ ಬಟ್ಟೆ ಬಿಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು. ‘ಚಾವಿ’ ಎಂದು ಒಂದೇ ಮಾತು ಹೇಳಿ ಕೈ ಚಾಚಿದರು. ನೆಲಕ್ಕೆ ಬಿದ್ದಿದ್ದ ಗೊಂಚಲನ್ನು ಎತ್ತಿ ಕೊಟ್ಟು ಬಂದೆ.

ಜನವರಿ 10, ಶುಕ್ರವಾರ. ಬೆಳಿಗ್ಗೆ 9.40

ವಿಷಯ ಕೇಳಿ ಜಯಾ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. ಬೆಳಿಗ್ಗೆ ಪೂರ್ವಿ ಬಂದು, ‘ಅಂಕಲ್, ಅತ್ತೆ ಬರ್ತಿದ್ದಾರೆ, ಇನ್ನು ಮನೆಯಲ್ಲೇ ಇರ್ತಾರೆ’ ಎಂದು ಬೀಗದ ಕೈ ಇಸಿದುಕೊಂಡಳು. ಉಳಿದವರು ನೆವವನ್ನೂ ಹೇಳಲಿಲ್ಲ. ಹಲಗೆ ಖಾಲಿ.

ಪೀಡೆ ತೊಲಗಿತು.

ಜನವರಿ 14, ಮಂಗಳವಾರ. ಮಧ್ಯಾಹ್ನ 1.00

ಸಂಕ್ರಾಂತಿಯೆಂದು ಎಲ್ಲರೂ ತಾರಸಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದಾರೆ. ಜಯಾ ಕರೆದಳು. ಹೋಗಲಿಲ್ಲ.

ಜನವರಿ 20, ಸೋಮವಾರ

ಏನೂ ಇಲ್ಲ.

ಜನವರಿ 29, ಬುಧವಾರ

ಹೊತ್ತು ಬರೆಯುವುದನ್ನೂ ಬಿಟ್ಟಿದ್ದೇನೆ. ಯಾಕೆ ಬರೆಯಬೇಕು? ಮೋಟರು ಯಾರೋ ಹಾಕುತ್ತಾರೆ, ಗೋಡೆ ಮತ್ತೆ ಒದ್ದೆ. ನನಗೇನು. ಹಾಳಾಗಿ ಹೋಗಲಿ.

ಫೆಬ್ರವರಿ 5, ಬುಧವಾರ. ಸಂಜೆ 7.30

ಬಂತು. ಸಂದರ್ಶನ ಕೊಟ್ಟ ಅರವತ್ತೊಂದು ಜನರಲ್ಲಿ ನಾಲ್ವರು ಆಯ್ಕೆ, ಜಯಾ ಎರಡನೆಯವಳು. ಸೂರತ್ತಿನಲ್ಲಿ ಒಂದು ಶಾಖೆಗೆ ಅವಳೇ ಮ್ಯಾನೇಜರು. ಒಪ್ಪಿಗೆಯೋ ನಿರಾಕರಣೆಯೋ ಫೆಬ್ರವರಿ 28ರೊಳಗೆ ಬರೆದುಕೊಡಬೇಕು.

ಪೇಡದ ಡಬ್ಬ ತಂದು ಟೇಬಲ್ಲಿನ ಮೇಲಿಟ್ಟಳು. ನಾನು ಬಾಯಿ ತೆರೆಯುವ ಮುಂಚೆಯೇ, ‘ಮಾತು ಕೊಟ್ಟಿದೀನಿ, ಮರ್ತಿಲ್ಲ’ ಎಂದಳು.

‘ಮತ್ತೆ ಪೇಡ ಯಾಕೆ?’

‘ಪಾಸಾಗಿದ್ದಕ್ಕೆ ರೀ. ಪಾಸಾಗಿರೋದಂತೂ ನಿಜ ತಾನೆ?’

ಒಂದು ಪೇಡ ತಿಂದೆ. ಅವಳು ತಿನ್ನಲಿಲ್ಲ. ಸ್ನಾನಕ್ಕೆಂದು ಹೋದವಳು ಮುಕ್ಕಾಲು ಗಂಟೆ ನಲ್ಲಿ ಬಿಟ್ಟುಕೊಂಡಿದ್ದಳು. ಮಾತೆಂದರೆ ಮಾತು. ನಾನೇನು ಅವಳನ್ನು ಹೆದರಿಸಿ ಕೊಡಿಸಿಕೊಂಡಿದ್ದೇನೆಯೆ?

ಫೆಬ್ರವರಿ 11, ಮಂಗಳವಾರ. ರಾತ್ರಿ 8.40

3.30ಕ್ಕೆ ಬಾಗಿಲು ಬಡಿದ ಸದ್ದು. ತಾರಾಬೆನ್, ಕೈಯಲ್ಲಿ ಚಹಾ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಒಳಗೆ ಬಂದು ಕೂತು, ಕೈಜೋಡಿಸಿ ‘ಮಿಚ್ಛಾಮಿ ದುಕ್ಕಡಂ’ ಎಂದರು. ತಪ್ಪಾಗಿದ್ದರೆ ಕ್ಷಮಿಸಿ ಎಂದು. ತಪ್ಪು ಮಾಡಿದವನು ನಾನು, ಕ್ಷಮೆ ಕೇಳುವವರು ಇವರು! ಕುರ್ಚಿ ಬಿಟ್ಟು ಎದ್ದು ನಿಂತೆ.

ಆದದ್ದನ್ನು ಅವರು ಉಪಾಶ್ರಯದಲ್ಲಿ ಸಾಧ್ವಿಯರ ಮುಂದೆ ಹೇಳಿದರಂತೆ. ಒಬ್ಬ ಹಿರಿಯ ಸಾಧ್ವಿ ನಗು ತಡೆಯಲಾರದೆ ಮುಖ ತಿರುಗಿಸಿದರಂತೆ, ಆಮೇಲೆ ಪ್ರಾಯಶ್ಚಿತ್ತಕ್ಕೆ ಒಂದು ಉಪವಾಸ ಹೇಳಿದರಂತೆ. ‘ನೀರಿಗೆ, ಮುಟ್ಟಿದ್ದಕ್ಕೆ, ಈರುಳ್ಳಿಗೆ, ಎಲ್ಲ ಸೇರಿ ಒಂದೇ ಉಪವಾಸ. ಅಗ್ಗವಾಯಿತು, ನಂಜುಂಡ್‌ಭಾಯಿ’ ಎಂದರು. ಆಮೇಲೆ ಗದರಿದರು. ‘ನಾನು ನಿಜವಾಗಿ ಬಿದ್ದಿದ್ದರೆ? ನೀವು ಬಂದದ್ದು ಇಪ್ಪತ್ತೈದು ನಿಮಿಷ ತಡ. ಇನ್ನು ಮುಂದೆ ಹತ್ತು ನಿಮಿಷಕ್ಕೇ ಬನ್ನಿ. ಬಾಯಿಗೆ ಬಟ್ಟೆ ಕಟ್ಟಿದ್ದರೆ ಮಾತ್ರ ದೂರ ನಿಲ್ಲಿ.’ ಬೀಗದ ಕೈಯನ್ನು ತಾವೇ ಹಲಗೆಗೆ ಸಿಕ್ಕಿಸಿ ಹೋದರು.

ಸಂಜೆಯ ಹೊತ್ತಿಗೆ ಏಳು ಮನೆಯವು ಬಂದಿವೆ. ಪೂರ್ವಿಯ ಅತ್ತೆ ಬರಲೇ ಇಲ್ಲವಂತೆ. ಮತ್ತೆ ಪೀಡೆ ಗಂಟುಬಿತ್ತು. ಹಲಗೆ ಚಿಕ್ಕದಾಯಿತು, ನಾಳೆ ಬೆಳಿಗ್ಗೆ ದೊಡ್ಡದು ತರಬೇಕು. ಮೊಳೆಯೂ ಬೇಕು, ಮುಕ್ಕಾಲು ಇಂಚಿನವು.

ಫೆಬ್ರವರಿ 19, ಬುಧವಾರ. ಮಧ್ಯಾಹ್ನ 3.00

ಮಂಡ್ಯದಿಂದ ದೊಡ್ಡಣ್ಣ ಫೋನು ಮಾಡಿದ್ದ. ನನ್ನ ಜೊತೆ ಇಪ್ಪತ್ತು ವರ್ಷ ಕಂಟ್ರೋಲರ್ ಆಗಿದ್ದವನು. ‘ವಾಪಸ್ ಬತ್ತೀಯಂತೆ? ಬಂದ್ ಏನ್ ಮಾಡೀಯೆ ಕಣ್ಲಾ? ಇಲ್ಲಿ ಈಗ ಕಂಪ್ಯೂಟರೇ ಕೂಗ್ತದೆ. ನಾನೇ ಸುಮ್ನೆ ನೊಣ ಹೊಡ್ಕಂಡು ಕೂತಿವ್ನಿ’ ಎಂದ. ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಲಿಫ್ಟ್ ರಿಪೇರಿಯವನು ಬಂದ. ‘ಆಮೇಲೆ ಮಾಡ್ತೀನಿ’ ಎಂದು ಇಟ್ಟೆ. ಮಾಡಲಾಗಲಿಲ್ಲ. ಎರಡು ಸಿಲಿಂಡರ್, ಆರು ಪಾರ್ಸೆಲ್, ಪೂರ್ವಿಯ ವಾಷಿಂಗ್ ಮೆಷಿನ್ನಿನವನು ಬೇರೆ. ಭಾನುವಾರ ಜಯಾ ಮೀಟಿಂಗ್ ಎಂದು ಸೂರತ್ತಿಗೆ ಹೋದಾಗಲೂ ಇದೇ ಪಾಡು. ಉಸಿರಾಡಲು ಬಿಡುವಿಲ್ಲ. ಈ ಜನಕ್ಕೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಸಿಗುವುದಿಲ್ಲವೆ?

ಫೆಬ್ರವರಿ 28, ಶುಕ್ರವಾರ. ಮಧ್ಯಾಹ್ನ 1.20

ಬೆಳಿಗ್ಗೆ ಜಯಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ‘ರೀ, ಇವತ್ತು ಕೊನೇ ದಿನ. ಏನಾದ್ರೂ ಹೇಳೋದಿದ್ರೆ ಹೇಳಿ.’

ನಾನು ಫೋನಿನಲ್ಲಿ ಲಿಫ್ಟಿನವನ ಬೆವರಿಳಿಸುತ್ತಿದ್ದೆ. ‘ಏನ್ ಹೇಳೋದು? ಒಂದ್ಸಲ ಹೇಳಿದ್ದು ಹೇಳಿದ್ದೇ. ನನ್ನ ಮಾತು ಎರಡಾಗಲ್ಲ’ ಎಂದೆ.

ಹೊರಡುವುದು 9.25ಕ್ಕೆ. ಅವಳು 9.31ರವರೆಗೆ ಅಲ್ಲೇ ನಿಂತಿದ್ದಳು. ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೋದಳು.

ಆಗಿನಿಂದ ಏನೋ ಕಿರಿಕಿರಿ. ಎರಡು ಸಲ ಅವಳ ನಂಬರ್ ಒತ್ತಿ ಕಟ್ ಮಾಡಿದೆ. ಏನೆಂದು ಹೇಳುವುದು? ಏಳು ತಿಂಗಳು ಈ ಊರನ್ನು ಬಾಯಿಗೆ ಬಂದಂತೆ ಬೈದವನು, ಈಗ ಇದ್ದುಬಿಡೋಣ ಎಂದರೆ ನಗುತ್ತಾಳೆ. ಇದ್ದುಬಿಡಬೇಕೆಂದು ನನಗೇನೂ ಆಸೆಯಿಲ್ಲ, ಸುಮ್ಮನೆ ಮಾತಿಗೆ ಬರೆದೆ. ಅವಳಿಗೆ ಬೇಕಿದ್ದರೆ ಅವಳೇ ಬಾಯಿಬಿಟ್ಟು ಹೇಳಲಿ. ಅವಳಿಗೇನು ನಾಲಿಗೆಯಿಲ್ಲವೆ?

ಸಂಜೆ 7.00. ಬಂದಳು. ‘ಕೊಟ್ಟೆ’ ಎಂದಳು. ಚಪಾತಿ ಹಿಟ್ಟು ಕಲಸಲು ಕೂತಳು.

ಮಾರ್ಚ್ 12, ಬುಧವಾರ. ಸಂಜೆ 4.15

ಮೇ ತಿಂಗಳಲ್ಲಿ ಮಂಡ್ಯಕ್ಕೆ ವರ್ಗ ಎಂದು ಖಚಿತವಾಯಿತಂತೆ. ಕೇಳಿದ್ದು ಸಿಕ್ಕಿತು. ತಾರಾಬೆನ್‌ಗೆ ಹೇಳಿದೆ. ತಟ್ಟೆಯನ್ನು ತುಟಿಯವರೆಗೆ ಎತ್ತಿದವರು ಹಾಗೇ ಕೆಳಗಿಟ್ಟರು. ‘ಖುಷಿ?’ ಎಂದು ಕೇಳಿದರು. ‘ಖುಷಿ’ ಎಂದೆ. ಇವತ್ತು ಬೆಳಿಗ್ಗೆಯಿಂದ ಎಲ್ಲರ ಮೇಲೂ ರೇಗಿದ್ದೇನೆ. ಕೊರಿಯರಿನವನು ಕಣ್ಣಲ್ಲಿ ನೀರು ತಂದುಕೊಂಡ. ಬಿಸಿಲು ಹೆಚ್ಚಾಗಿದೆ, ಅದಕ್ಕೇ ಇರಬೇಕು.

ಮಾರ್ಚ್ 23, ಭಾನುವಾರ. ಸಂಜೆ 6.50

ವಿಂಧ್ಯಾ ಬಂದಿದ್ದಳು. ಜಯಾ ಬೇಡವೆಂದ ಸೂರತ್ತಿನ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನವಳು ಅವಳೇ ಅಂತೆ. ಸಿಹಿ ತಂದು ಜಯಾಳ ಕಾಲಿಗೆ ನಮಸ್ಕಾರ ಮಾಡಿದಳು. ಜಯಾ ಅವಳಿಗೆ ಹೊಸ ಸೀರೆ ಕೊಟ್ಟು ಕುಂಕುಮ ಇಟ್ಟಳು. ನಾನು ಕಾಫಿ ಮಾಡಲು ಒಳಗೆ ಹೋದೆ. ಅಲ್ಲಿಂದ ಮಾತೆಲ್ಲ ಕೇಳಿಸುತ್ತಿತ್ತು.

‘ಮನೆ ಹುಡುಕ್ಬೇಡ ವಿಂಧ್ಯಾ, ಸೂರತ್ತಿನ ಅಡಾಜಣ್‌ನಲ್ಲಿ ಒಂದು ನೋಡಿಟ್ಟಿದೀನಿ. ನಂಬರ್ ಕೊಡ್ತೀನಿ.’

‘ನೀವ್ ಯಾವಾಗ ಹೋಗಿದ್ರಿ ಮೇಡಂ?’

‘ಹೋದ ತಿಂಗಳು, ಒಂದು ಭಾನುವಾರ.’ ನನ್ನ ಹತ್ತಿರ ಮೀಟಿಂಗ್ ಎಂದು ಹೇಳಿ ಅವಳು ಸೂರತ್ತಿಗೆ ಹೋಗಿದ್ದ ಭಾನುವಾರ ಅದು. ‘ಎರಡನೇ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ. ಕೆಳಗೆ ಬೇವಿನ ಮರಕ್ಕೆ ಕಟ್ಟೆ ಕಟ್ಟಿದಾರೆ. ಹನ್ನೊಂದು ಗಂಟೆಗೆಲ್ಲ ರಿಟೈರ್ ಆದ ಗಂಡಸರು ಬಂದು ಕೂತ್ಕೋತಾರೆ. ಒಬ್ರು ಬಳ್ಳಾರೀಲಿ ಇದ್ದವರು, ಕನ್ನಡ ಬರುತ್ತೆ ಅವರಿಗೆ. ನಾನೇ ಒಂದು ಗಂಟೆ ಕೂತು ಮಾತಾಡಿಸ್ಕೊಂಡು ಬಂದೆ. ಸೊಸೈಟಿ ಆಫೀಸ್ ನೋಡ್ಕೊಳ್ಳೋಕೆ ಅವರಿಗೂ ಒಬ್ರು ಬೇಕಂತೆ. ಹಗಲು ಹೊತ್ತು ಹೋಗೋದು ಕಷ್ಟ ಆಗಲ್ಲ.’

ವಿಂಧ್ಯಾ ನಕ್ಕಳು. ‘ಹಗಲೆಲ್ಲ ನಾ ಆಫೀಸಿನ್ಯಾಗ ಇರ್ತೀನ್ರಿ ಮೇಡಂ. ಅದೆಲ್ಲ ನನಗ್ಯಾಕ್ರಿ?’

ಜಯಾ ಕುಂಕುಮದ ಭರಣಿಯ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಆಮೇಲೆ, ‘ಹೌದಲ್ಲ, ನಿನಗ್ಯಾಕೆ’ ಎಂದಳು.

ನಾನು ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಅವಳು ನನ್ನನ್ನು ಕಂಡು ಎದ್ದು ಬಂದಳು, ತಟ್ಟೆಗೆ ಕೈ ಹಾಕಿದಳು, ಮುಖ ನೋಡಲಿಲ್ಲ.

‘ಜಯಾ’ ಎಂದೆ.

‘ಸಕ್ಕರೆ ಹಾಕಿದೀರಾ?’ ಎಂದಳು.

‘ಹಾಕಿದೀನಿ’ ಎಂದೆ.